ವಾರಗಿತ್ತಿಯ ಮಾತ್ರೆ

“ಗುರುಗಳೇ, ನನ್ನ ನಂತರ ಬಂದ ಚೆನ್ನವೀರನಿಗೆ ಧ್ಯಾನ ಹೇಳಿಕೊಟ್ಟಿರಿ. ನನ್ನನ್ನು ದಾಸೋಹದ ಅಡುಗೆಮನೆಗೆ ಹಾಕಿದಿರಿ. ನಾನು ಅವನಿಗಿಂತ ಯಾವುದರಲ್ಲಿ ಕಡಿಮೆ?” ಎಂದು ಶಿಷ್ಯನೊಬ್ಬ ಕೇಳಿದ. ನಿದ್ದೆಯೇ ಬರುವುದಿಲ್ಲವೆಂದು ಕಣ್ಣೀರಿಟ್ಟುಕೊಂಡು ಮಠಕ್ಕೆ ಬಂದಿದ್ದವನು ಅವನು.

ಗುರುಗಳು ಕತೆ ಹೇಳಿದರು.

ಒಂದು ಮನೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ಇಬ್ಬರಿಗೂ ಮಂಡಿನೋವು. ವೈದ್ಯರು ಕಿರಿಯಳಿಗೆ ಡೈಕ್ಲೋಫೆನಾಕ್ ಮಾತ್ರೆ ಬರೆದು, ಊಟವಾದ ಮೇಲೆಯೇ ನುಂಗಬೇಕೆಂದರು. ಹಿರಿಯಳಿಗೆ ಹಿಂದೊಮ್ಮೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಅವಳಿಗೆ ಪ್ಯಾರಾಸಿಟಮಾಲನ್ನೂ ಮಂಡಿಗೆ ಹಚ್ಚಲು ಮುಲಾಮನ್ನೂ ಕೊಟ್ಟರು.

“ಆ ಮಾತ್ರೆ ಬಾವನ್ನೂ ಇಳಿಸುತ್ತದೆ, ನಿಜ. ಐಬುಪ್ರೊಫೆನ್ ಅದಕ್ಕಿಂತ ಸ್ವಲ್ಪ ಸೌಮ್ಯ. ಆದರೆ ಎರಡೂ ನಿಮ್ಮ ಹೊಟ್ಟೆಗೆ ಆಗಿಬರುವುದಿಲ್ಲಮ್ಮ” ಎಂದು ಹಿರಿಯಳಿಗೆ ಹೇಳಿದರು.

ಹಿರಿಯಳ ಕಿವಿಗೆ ಬಿದ್ದದ್ದು ಮೊದಲ ಮಾತಷ್ಟೇ. ಜ್ವರ ಬಂದ ಮಕ್ಕಳಿಗೆ ಕೊಡುವ ಮಾತ್ರೆ ತನಗೆ, ಬಾವು ಇಳಿಸುವ ಮಾತ್ರೆ ನಿನ್ನೆ ಮೊನ್ನೆ ಬಂದವಳಿಗೆ. ಕಿರಿಯಳು ಸರಸರನೆ ಮೆಟ್ಟಿಲು ಹತ್ತಿದರೆ ಇವಳ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಅದನ್ನು ನೋಡಿ ಸಂತೋಷಪಟ್ಟರಂತೂ ಆ ದಿನ ಊಟವೇ ಸೇರುತ್ತಿರಲಿಲ್ಲ.

ಶ್ರಾವಣ ಸೋಮವಾರ ಬಂತು. ಮನೆಮಂದಿಗೆಲ್ಲ ಉಪವಾಸ. ಊಟವಿಲ್ಲದ ದಿನ ಮಾತ್ರೆಯೂ ಬೇಡವೆಂದು ಕಿರಿಯಳು ಅದನ್ನು ಗೂಡಿನಲ್ಲೇ ಬಿಟ್ಟಳು. ಹಿರಿಯಳು ಕಾಯುತ್ತಿದ್ದದ್ದು ಅಷ್ಟಕ್ಕೇ. ಔಷಧಿಯಿಂದ ವ್ರತ ಕೆಡುವುದಿಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಕಿರಿಯಳ ಎರಡು ಮಾತ್ರೆಗಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡು ತೀರ್ಥ ಕುಡಿದಳು. ಬರಿಹೊಟ್ಟೆ, ಅದರಲ್ಲಿ ಹಳೆಯ ಹುಣ್ಣು. ಸಂಜೆಗೆ ರಕ್ತ ಕಾರಿಕೊಂಡಳು.

ಆಸ್ಪತ್ರೆಗೆ ಹೊತ್ತೊಯ್ದರು. ಬದುಕಿ ಉಳಿದದ್ದೇ ಹೆಚ್ಚು. ಕಣ್ಣು ಬಿಟ್ಟಾಗ ಗಂಜಿ ಹಿಡಿದು ಪಕ್ಕದಲ್ಲಿ ಕುಳಿತಿದ್ದವಳು ಕಿರಿಯಳೇ. ಈ ಮಹಡಿಗೂ ಮೆಟ್ಟಿಲು ಹತ್ತಿಯೇ ಬಂದಿರಬೇಕು ಎಂದುಕೊಂಡಳು ಹಿರಿಯಳು. ಗಂಜಿಯ ಬಟ್ಟಲನ್ನು ಆಚೆ ಸರಿಸಿದಳು.

ವೈದ್ಯರು ಕೇಳಿದರು: “ನಾನು ಕೊಟ್ಟ ಮಾತ್ರೆಗೆ ನೋವು ಕಡಿಮೆಯಾಗಿರಲಿಲ್ಲವೇನಮ್ಮ?”

“ಆಗಿತ್ತು.”

“ಮತ್ತೆ?”

“ಅವಳಿಗೆ ಇನ್ನೂ ಕಡಿಮೆಯಾಗಿತ್ತು.”

ಕತೆ ಕೇಳಿ ಶಿಷ್ಯ ನಕ್ಕುಬಿಟ್ಟ. ಗುರುಗಳು ನಗಲಿಲ್ಲ. ಅವನ ಮುಖವನ್ನೇ ನೋಡುತ್ತ ಹೇಳಿದರು:

“ನಿದ್ದೆ ಬರುವುದಿಲ್ಲವೆಂದು ಬಂದವನು ನೀನು, ಅಡುಗೆಮನೆ ಸೇರಿದ ಮೇಲೆ ಬೆಳಗಿನ ಗಂಟೆ ಬಾರಿಸಿದರೂ ನಿನಗೆ ಎಚ್ಚರವಾಗುವುದಿಲ್ಲವಲ್ಲಪ್ಪ.”