ಬೆಳಗಿಗೊಂದು ಗಂಟು

ದಾರಿ ತಪ್ಪಿ ಮೂರು ಕೆರೆ ಸುತ್ತಿದ ಕೋಗಿಲೆ ಈಚಲು ಮರದ ಗೀಜಗನನ್ನು ಕೇಳಿದಳು: "ಸ್ವಾಮೀ, ಗೂಡು ಹೆಣೆಯಲು ಕಲಿಸುವ ಶಾಲೆಗೆ ಯಾವ ಕಡೆ ಹೋಗಬೇಕು?"

"ಶಾಲೆ ಇದೇ, ಮೇಷ್ಟ್ರು ನಾನೇ. ತಿಂಗಳ ಪಾಠ, ನಲವತ್ತು ಹುಳು ಮುಂಗಡ. ಆದರೆ ಕೋಗಿಲಮ್ಮಾ, ನಿಮ್ಮ ವಂಶಕ್ಕೆ ಗೂಡೇಕೆ?"

"ನನಗಲ್ಲ. ನನ್ನ ಮೂರು ಮಕ್ಕಳನ್ನು ಸಾಕಿದ ಕಾಗೆಯ ಗೂಡು ಗಾಳಿಗೆ ಹರಿದಿದೆ. ಅವಳು ಮತ್ತೆ ಮೊಟ್ಟೆ ಇಡುವ ಮುಂಚೆ ಸರಿಮಾಡಿಕೊಡಬೇಕು. ಆದರೆ ತಿಂಗಳಿಡೀ ಒಂದೇ ಮರದಲ್ಲಿ ಕೂರುವ ಜಾಯಮಾನ ನನ್ನದಲ್ಲ."

ಗೀಜಗ ಖಾಲಿ ಕೊಂಬೆಗಳನ್ನು ನೋಡಿದ. ಮುಂಗಡ ಕೊಟ್ಟವರೆಲ್ಲ ಎರಡನೇ ದಿನವೇ ಹಾರಿಹೋಗಿದ್ದರು.

"ಹಾಗಾದರೆ ಪಾಠವನ್ನೇ ಬದಲಿಸೋಣ. ಬೆಳಿಗ್ಗೆ ಒಂದು ಹುಳು ಕೊಟ್ಟು ಒಂದು ಗಂಟು ಕಲಿ. ಆಮೇಲೆ ಎಲ್ಲಿಗಾದರೂ ಹೋಗು, ಇಳಿದ ಮರದಲ್ಲೆಲ್ಲ ಅದನ್ನೇ ಹಾಕು."

ಕೋಗಿಲೆ ಹಾಗೇ ಕಲಿತಳು. ಎರಡು ದಿನ ತಪ್ಪಿಸಿ ನಾಚುತ್ತ ಬಂದಾಗಲೂ ಮೇಷ್ಟ್ರು ಬೈಯದೆ ಮುಂದಿನ ಗಂಟನ್ನು ತೋರಿಸಿದ.

ಕಡೆಗೊಂದು ದಿನ ಕಾಗೆ ಮೇವಿಗೆ ಹೋದಾಗ ಕೋಗಿಲೆ ಅವಳ ಗೂಡನ್ನು ಹೆಣೆದು ಮುಗಿಸಿದಳು.

"ಮತ್ತೆ ಮೊಟ್ಟೆ ಇಟ್ಟೆಯೇನೇ, ಕಳ್ಳಿ?" ಎಂದು ಕಾಗೆ ಕೂಗುತ್ತ ಬಂದಳು.

"ಈ ಸಲ ಇಲ್ಲ ಅಕ್ಕಾ. ಒಳಗೆ ಕೂತು ನೋಡು."

ಕಾಗೆ ಅನುಮಾನಿಸುತ್ತಲೇ ಕೂತಳು. ಗಾಳಿ ಬೀಸಿತು. ಗೂಡು ಅಲುಗಲಿಲ್ಲ.