ಮೋಟಾರಿನ ಕೀಲಿಕೈ

ತುಂಗಭದ್ರೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಹಾಲಯ್ಯಜ್ಜ ಗುರು, ಕೊಟ್ರಯ್ಯ ಶಿಷ್ಯ. ಮಠದ ಖರ್ಚುವೆಚ್ಚ ನೋಡಿಕೊಳ್ಳುವ ಕೆಲಸ ಕೊಟ್ರಯ್ಯನದು. ಆ ಕೆಲಸವೇ ಅವನನ್ನು ಹಣ್ಣುಗಾಯಿ ಮಾಡಿತ್ತು.

ಎಣ್ಣೆ, ಬೇಳೆ, ಗ್ಯಾಸು, ಕರೆಂಟು, ಎಲ್ಲದರ ದರವೂ ಏರಿತ್ತು. ಕೊಡುವ ಭಕ್ತರ ಮನೆಯಲ್ಲೂ ಅದೇ ಪಾಡು. ಚೀಲಗಟ್ಟಲೆ ಜೋಳ ತರುತ್ತಿದ್ದವರು ಈಗ ನಾಲ್ಕು ಸೇರು ತಂದು ತಲೆ ತಗ್ಗಿಸಿ ನಿಲ್ಲುತ್ತಿದ್ದರು.

ಊರ ಹಿರಿಯರು ಬಂದು ಕೂತರು.

"ಹಾಸಿಗಿ ಇದ್ದಷ್ಟ ಕಾಲು ಚಾಚಬೇಕ್ರಿ. ಎರಡು ತಿಂಗಳು ನೋಡ್ತೀವಿ. ಕರೆಂಟ್ ಬಿಲ್ ಇಳಿದ್ರ ಸರಿ, ಇಲ್ಲಂದ್ರ ಸಂಜಿ ದಾಸೋಹ ನಿಲ್ಲಸೂಣು."

ಸಂಜೆಯ ದಾಸೋಹವೆಂದರೆ ಇಟ್ಟಂಗಿ ಭಟ್ಟಿಯ ಕೂಲಿಗಳು, ಕುರಿಗಾರರು, ದಾರಿಹೋಕರು, ಮೂವತ್ತು ನಲವತ್ತು ಜನರ ಊಟ. ಅವರಲ್ಲಿ ಎಷ್ಟೋ ಮಂದಿಗೆ ದಿನಕ್ಕೆ ಅದೊಂದೇ ಹೊಟ್ಟೆತುಂಬ ಅನ್ನ. ಕೊಟ್ರಯ್ಯನೂ ಹಿಂದೊಮ್ಮೆ ಅದೇ ಪಂಕ್ತಿಯಲ್ಲಿ ಉಂಡು, ಎದ್ದು ಹೋಗಲಾರದೆ ಮಠದಲ್ಲೇ ಉಳಿದವನು. ಅದು ನಿಲ್ಲಲು ಅವನು ಬಿಡುವಂತಿರಲಿಲ್ಲ.

ಅಂದಿನಿಂದ ಅವನು ಮೈಯೆಲ್ಲ ಕಣ್ಣಾದ.

ಪಡಸಾಲೆಯ ಫ್ಯಾನು ನಿಂತಿತು. ಅಂಗಳದ ದೀಪ ಆರಿತು. ಬಿಸಿಲಲ್ಲಿ ನಡೆದು ಬಂದ ಮುದುಕನೊಬ್ಬ ಫ್ಯಾನಿನ ಗುಂಡಿ ಒತ್ತಿದರೆ, "ಹೊಳಿ ಗಾಳಿ ಸಾಲೂದಿಲ್ಲೇನ್ರಿ?" ಎಂದು ಇವನೇ ಹೋಗಿ ಆರಿಸಿ ಬಂದ. ಅಡುಗೆಯ ಫಕ್ಕೀರವ್ವನ ಮಿಕ್ಸರು ಕಪಾಟು ಸೇರಿತು. ಮೊಣಕಾಲು ನೋವಿನ ಆಕೆ ಒರಳುಕಲ್ಲಿನ ಮುಂದೆ ಕೂತಳು.

ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ನೀರು ಎತ್ತುತ್ತಾರೆಂದು ಮೋಟಾರಿನ ಪೆಟ್ಟಿಗೆಗೂ ಬೀಗ ಬಿತ್ತು. ಮೊದಲು ಅದನ್ನು ಫಕ್ಕೀರವ್ವ ನೋಡಿಕೊಳ್ಳುತ್ತಿದ್ದಳು. ಈಗ ಕೀಲಿಕೈ ಕೊಟ್ರಯ್ಯನ ಉಡಿದಾರದಲ್ಲಿ. ಬೆಳಗಿನ ಐದಕ್ಕೆ ತಾನೇ ಮೋಟಾರು ಹಚ್ಚಿ, ಬೀಗ ಹಾಕಿ, ಕದ ಮುಚ್ಚಿಕೊಂಡು ಇಷ್ಟಲಿಂಗ ಪೂಜೆಗೆ ಕೂರುವನು. ಕೂತರೆ ಪಕ್ಕದಲ್ಲಿ ನಗಾರಿ ಬಾರಿಸಿದರೂ ಅವನಿಗೆ ಕೇಳದೆಂದು ಮಠದಲ್ಲಿ ಹೆಸರಾಗಿತ್ತು. ಆ ಹೆಸರು ಅವನಿಗೇನೂ ಬೇಡವಾಗಿರಲಿಲ್ಲ.

ಮೊದಲ ತಿಂಗಳ ಬಿಲ್ಲು ಬಂತು. ಇಳಿದಿರಲಿಲ್ಲ, ಏರಿತ್ತು.

ಕೊಟ್ರಯ್ಯ ಇನ್ನಷ್ಟು ಬಿಗಿ ಮಾಡಿದ. ಯಾರೂ ಅವನೊಡನೆ ನಕ್ಕು ಮಾತಾಡದಾದರು. ಎರಡನೆಯ ಬಿಲ್ಲಿಗೆ ನಾಲ್ಕು ದಿನ ಮೊದಲು ಗುರುವಿನ ಕೋಣೆಗೂ ಹೋಗಿ, ಬೆಳಗಿನ ಜಾವ ಅವರು ಓದುತ್ತಿದ್ದ ಬಲ್ಬನ್ನು ಬಿಚ್ಚಿಕೊಂಡ.

"ಬಿಚ್ಚಲ್ರೀ ಅಜ್ಜಾರ?"

"ಬಿಚ್ಚಪ್ಪ," ಅಂದರು ಅಜ್ಜ.

ಎರಡನೆಯ ಬಿಲ್ಲು ಮೊದಲಿನದಕ್ಕಿಂತ ದೊಡ್ಡದಿತ್ತು.

ಅದನ್ನು ಹಿಡಿದು ಅವನು ಹೊಳೆಯ ಮೆಟ್ಟಿಲಿಗೆ ಬಂದ. ಅಜ್ಜ ಅರಿವೆ ಹಿಂಡುತ್ತಿದ್ದರು. ಅವನು ಅಲ್ಲೇ ಕೂತ.

"ಮತ್ತ ಏರೇತ್ರಿ, ಅಜ್ಜಾರ."

"ಏನೇನ ಬಂದ್ ಮಾಡಿದಿ?"

"ಎಲ್ಲಾ ಮಾಡೇನ್ರಿ. ಇನ್ನ ಸೂರ್ಯ ಒಬ್ಬಾಂವ ಉಳದಾನ."

"ಅವನ್ನ ಬಿಟ್ಟಬಿಡು, ಪಾಪ," ಅಂದರು ಅಜ್ಜ. "ನಾಳಿ ಮುಂಜಾನೆ ಮೋಟಾರ್ ಹಚ್ಚು. ಪೂಜಾಕ ಕೂಡಬ್ಯಾಡ. ಹಿತ್ತಲದಾಗ ನನ್ನ ಕೂಡ ಬಂದು ಕೂಡು."

ಮರುದಿನ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತರು. ಎದುರಿಗೆ ನೀರಿನ ಟಾಕಿ. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ.

ಕಾಲು ತಾಸಿಗೆಲ್ಲ ಟಾಕಿ ತುಂಬಿತು. ಅಂಚಿನಿಂದ ನೀರು ಸುರಿಯತೊಡಗಿತು. ಸುರಿದ ನೀರು ಗೋಡೆ ಬುಡದ ಕೊರಕಲು ಹಿಡಿದು ಇಳಿಜಾರಿನಲ್ಲಿ ಸಾಗಿ, ಹೊಳೆಯಿಂದ ಬಂದದ್ದು ಹೊಳೆಗೇ ಹೋಗಿ ಸೇರಿತು. ಆ ಕೊರಕಲು ಒಂದೆರಡು ದಿನದ್ದಲ್ಲವೆಂದು ಕೊಟ್ರಯ್ಯನಿಗೂ ಗೊತ್ತಾಯಿತು.

ಅವನು ದಡಬಡಿಸಿ ಎದ್ದ.

"ಯಾಕ ಏಳ್ತಿ?" ಅಂದರು ಅಜ್ಜ. "ನಿನ್ನ ಪೂಜಾ ಮುಗ್ಯಾಕ ಇನ್ನೂ ಒಂದು ತಾಸು ಐತಿ."

ಅವನು ಓಡಿದ. ಉಡಿದಾರದ ಕೀಲಿ ಬಿಚ್ಚಿ ಬೀಗ ತೆಗೆದ. ಮೋಟಾರು ನಿಂತಿತು. ಒಲೆಗೆ ಕಟ್ಟಿಗೆ ಒಯ್ಯುತ್ತಿದ್ದ ಫಕ್ಕೀರವ್ವ ಅಲ್ಲೇ ನಿಂತು ನೋಡುತ್ತಿದ್ದಳು.

"ಎರಡು ತಿಂಗಳು ನೋಡೀದಿ, ಒಂದು ಮಾತು ಹೇಳಬಾರದೇನಬೇ?"

"ಹೇಳಾಕ ಬಂದಿದ್ನೆಪ್ಪ. ಕದಾ ಬಡದ್ರ ಪೂಜಾ ಕೆಡಸ್ತಿ ಅಂದಿ. ಮಧ್ಯಾಹ್ನ ಬಂದ್ರ, ಮಿಕ್ಸರ್ ಕೇಳಾಕ ಬಂದಿ ಅಂತ ಬೈದು ಕಳಿಸಿದಿ. ನಾನ ಬಂದ್ ಮಾಡೂಣಂದ್ರ, ಕೀಲಿ ನಿನ್ನ ನಡದಾಗ."

ಅವನು ತಿರುಗಿ ಗುರುವಿನ ಬಳಿ ಬಂದ.

"ನಿಮಗ ಯಾವಾಗ ಗೊತ್ತಾತ್ರಿ?"

"ನಾಕ ದಿನ ಆತು. ಬಲ್ಬ್ ಬಿಚ್ಚಿದ್ಯಲ್ಲ, ಓದಾಕ ಆಗಲಿಲ್ಲ. ಎದ್ದು ಹಿಂಗ ಬಂದೆ."

ಕೊಟ್ರಯ್ಯ ಒದ್ದೆ ನೆಲದಲ್ಲೇ ಕೂತು ಮುಖ ಮುಚ್ಚಿಕೊಂಡ. ಬಿಸಿಲಲ್ಲಿ ಬಂದ ಆ ಮುದುಕ, ಒರಳಿನ ಮುಂದೆ ಹಲ್ಲು ಕಚ್ಚಿ ಏಳುತ್ತಿದ್ದ ಫಕ್ಕೀರವ್ವ, ಎಲ್ಲರೂ ಕಣ್ಣ ಮುಂದೆ ಬಂದರು. ನಾಚಿಕೆಗಿಂತ ದಣಿವೇ ಹೆಚ್ಚಾಗಿತ್ತು.

"ನಾಳಿ ಹಿರೇರು ಬರ್ತಾರ್ರಿ. ಏನಂತ ಹೇಳ್ಲಿ?"

"ಕಂಡದ್ದ ಹೇಳು."

"ನನ್ನ ಪೂಜಾದ ಸಲುವಾಗಿ ಬಿಲ್ ಏರಿತು ಅಂತ ಹ್ಯಾಂಗ ಹೇಳೂದ್ರಿ? ಜನ ನಗ್ತಾರ."

"ನಕ್ಕ ಮ್ಯಾಲೆ ಉಣ್ಣಾಕ ಕೊಡ್ತಾರೇನೋ ನೋಡು."

ಅವನು ಹೇಳಿದ. ತುಂಬಿದ ಸಭೆಯಲ್ಲಿ, ತಲೆ ಎತ್ತದೆ, ಒಂದನ್ನೂ ಮುಚ್ಚಿಡದೆ ಹೇಳಿದ. ಕೆಲವರು ನಕ್ಕರು. ಹಿರಿಯರಲ್ಲೊಬ್ಬರು ಮಾತ್ರ ನಗದೆ, "ನಮ್ಮ ಮನ್ಯಾಗೂ ಇಂಥಾವು ಎಷ್ಟ ಅದಾವೋ," ಅಂದರು. ಇನ್ನೊಂದು ತಿಂಗಳು ಗಡುವು ಸಿಕ್ಕಿತು.

ಮಿಕ್ಸರು ಅಡುಗೆಮನೆಗೆ ಹೋಯಿತು, ಬಲ್ಬು ಅಜ್ಜನ ಕೋಣೆಗೆ. ಮುಂದಿನ ಬಿಲ್ಲು ಇಳಿಯಿತು. ದಾಸೋಹ ಉಳಿಯಿತು.

ಆದರೂ ಕೊಟ್ರಯ್ಯನ ಮುಖ ಅರಳಲಿಲ್ಲ. ಒಂದು ಸಂಜೆ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ಅಜ್ಜನ ಬಳಿ ಬಂದು ನಿಂತ.

"ಅಜ್ಜಾರ, ಟಾಕಿ ತುಂಬೂತನಕ ಈಗ ಅಲ್ಲೇ ಕೂಡ್ತೀನ್ರಿ. ಆಮ್ಯಾಲೆ ಹೊತ್ತ ಉಳಿಯೂದಿಲ್ಲ. ಪೂಜಾ ಅರ್ಧಕ್ಕರ್ಧ ಆಗೇತಿ."

"ಹೂಂ."

"ದೇವರಿಗೆ ಸಿಟ್ಟು ಬಂದಿರಬೇಕಲ್ರಿ?"

ಅಜ್ಜ ಪಂಕ್ತಿಯ ಕಡೆ ಕೈ ಮಾಡಿದರು.

"ಅಕಾ, ಮೂರನೇ ತಾಟಿನಾಂವ ಆಗಿನಿಂದ ಸಾರು ಕೇಳಾಕ ಹತ್ತ್ಯಾನ. ಸಿಟ್ಟು ಬಂದೈತೇನು, ಅವನ್ನ ಕೇಳಿ ಬಾ."