ಗಾಡಿಮನೆಯ ಕರಿ ತಂತಿ

ತುಂಗಭದ್ರೆಯ ದಂಡೆಯಲ್ಲಿ ಪೊಂಪಯ್ಯ ತಾತನ ಆಶ್ರಮ. ಆಶ್ರಮ ಅಂದರೆ ಎರಡು ಹುಲ್ಲಿನ ಚಪ್ಪರ, ಒಂದು ಬೇವಿನ ಮರ, ಮರದ ಕೆಳಗೆ ಚಕ್ರದ ಮೇಲೆ ನಿಂತ ಒಂದು ಗಾಡಿಮನೆ.

ಗಾಡಿಮನೆ ಹಡಗಿನಲ್ಲಿ ಬಂದದ್ದು. ಸಮುದ್ರದಾಚೆಯ ಭಕ್ತನೊಬ್ಬ ಅದನ್ನು ಜೀಪಿನ ಹಿಂದೆ ಕಟ್ಟಿಕೊಂಡು ದೇಶವೆಲ್ಲ ಸುತ್ತಿದ. ಕೊನೆಗೆ ತಾತನ ಮುಂದೆ ನಿಲ್ಲಿಸಿ, ಜೀಪನ್ನೂ ಬಿಟ್ಟು ಬರಿಗೈಯಲ್ಲಿ ತನ್ನ ಊರಿಗೆ ಹೋದ.

ತಾತ ಹರೆಯದಲ್ಲಿ ಕಲ್ಲು ಒಡೆದವರು. ಆ ಧೂಳು ಎಪ್ಪತ್ತು ದಾಟಿದ ಮೇಲೆ ಎದೆಯೊಳಗೆ ಎದ್ದು ಕೂತಿತ್ತು. ಈಗ ಗಾಡಿಮನೆಯೊಳಗಿನ ಮಂಚವೇ ಅವರ ಜಾಗ, ಉಸಿರಿಗೆ ಒಂದು ಪುಟ್ಟ ಯಂತ್ರವೇ ಆಸರೆ.

ಯಂತ್ರ ಮನೆಯ ಕರೆಂಟಿಗೆ ಓಡುವಂಥದಲ್ಲ. ಅದಕ್ಕೆ ಬ್ಯಾಟರಿಯಂತೆ ಹನ್ನೆರಡು ವೋಲ್ಟೇ ಬೇಕು. ಹೊರಗಿನ ಕರೆಂಟನ್ನು ಹನ್ನೆರಡಕ್ಕೆ ಇಳಿಸಿಕೊಡುವ ಕನ್ವರ್ಟರ್ ಪೆಟ್ಟಿಗೆ ಗಾಡಿಮನೆಯ ಬಾಗಿಲ ಬಳಿ, ಬೆಂಚಿನ ಕೆಳಗಿತ್ತು. ಮೂವತ್ತು ವರ್ಷದ ಹಳೆಯದು, ಸದಾ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು.

ಆ ಮಧ್ಯಾಹ್ನ ಗುಂಯ್ ಎನ್ನುವುದು ನಿಂತಿತು. ಸುಟ್ಟ ವಾಸನೆ ಬಂತು. ಗಾಡಿಮನೆಯ ಬ್ಯಾಟರಿ ಮೊದಲೇ ಉಬ್ಬಿ ಕೆಟ್ಟುಹೋಗಿತ್ತು. ತಾತನ ಯಂತ್ರ ನಿಂತುಬಿಟ್ಟಿತು.

ಜೀಪು ಆಕ್ಸಿಜನ್ ಸಿಲಿಂಡರ್ ತರಲು ಪಟ್ಟಣಕ್ಕೆ ಹೋಗಿತ್ತು, ಸಂಜೆಗೆ ಮೊದಲು ಬರುವಂತಿರಲಿಲ್ಲ. ಆಶ್ರಮದಲ್ಲಿ ಉಳಿದದ್ದು ಒಂದೇ ಸಿಲಿಂಡರ್. ಅದರಲ್ಲಿ ಅರ್ಧ ಗಂಟೆಯ ಉಸಿರಿತ್ತು.

ಹೊಸ ಕನ್ವರ್ಟರ್ ವಾರದ ಹಿಂದೆಯೇ ಬಂದು ಮಂಚದ ಕೆಳಗೆ ಕೂತಿತ್ತು. ನಾಳೆ ಹಾಕಿದರಾಯಿತು ಎಂದು ಗಾದಿಲಿಂಗನೇ ದಿನ ತಳ್ಳಿದ್ದ.

ಗಾದಿಲಿಂಗ ತಾತನ ಶಿಷ್ಯ. ಇಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ವೈರ್‌ಮನ್ ಆಗಿದ್ದವನು. ದೇವರ ವಿಷಯದಲ್ಲಿ ಅವನಿಗೆ ಆಗಾಗ ಅನುಮಾನ ಬರುತ್ತಿತ್ತು. ವೈರಿಂಗ್ ವಿಷಯದಲ್ಲಿ ಒಮ್ಮೆಯೂ ಬಂದದ್ದಿಲ್ಲ.

"ಎಷ್ಟು ಹೊತ್ತು ಹಿಡಿತೈತಪ್ಪಾ?" ಎಂದು ಕೇಳಿದಳು ತಿಪ್ಪಮ್ಮ. ಅವಳು ಆಶ್ರಮದ ಅಡುಗೆಯಾಕೆ. ತಾತನ ಮೂಗಿಗೆ ನಳಿಗೆ ಇಟ್ಟು, ಸಿಲಿಂಡರಿನ ಮುಳ್ಳು ನೋಡುತ್ತ ಮಂಚದ ಪಕ್ಕ ಕೂತಿದ್ದಳು.

"ಕಾಲು ಗಂಟೆ. ನೀರು ಕುಡದಂಗ."

ಅವನು ಹೊರಗಿನ ಪ್ಲಗ್ ಕಿತ್ತು, ಯಂತ್ರದ ಪ್ಲಗ್ಗನ್ನೂ ಕಿತ್ತು, ಬೆಂಚಿನ ಕೆಳಗೆ ತಲೆ ತೂರಿಸಿದ. ತಿರುಪುಗಳೆಲ್ಲ ತುಕ್ಕು ಹಿಡಿದಿದ್ದವು. ಒಂದು ಬರಲೇ ಇಲ್ಲ, ಇನ್ನೊಂದರ ತಲೆ ಮುರಿಯಿತು. ಕಾಲು ಗಂಟೆ ಅಲ್ಲಿಯೇ ಹೋಯಿತು.

ಸಿಟ್ಟಿಗೆದ್ದು ಹಳೆಯ ಪೆಟ್ಟಿಗೆಯ ತಂತಿಗಳನ್ನು ಕತ್ತರಿಸಿಯೇ ಬಿಟ್ಟ. ಯಾವುದು ಎಲ್ಲಿತ್ತೆಂದು ಗುರುತು ಹಾಕಿಕೊಳ್ಳುವ ಗೊಡವೆಗೆ ಹೋಗಲಿಲ್ಲ.

"ಮುಳ್ಳು ಕೆಂಪಿಗೆ ಬಂತಪ್ಪಾ."

"ಕಾಣಕತ್ತೈತಿ ಬಿಡು."

ಕಾಣುತ್ತಿರಲಿಲ್ಲ. ಬೆವರು ಕಣ್ಣಿಗಿಳಿದಿತ್ತು. ಗಾದಿಲಿಂಗನಿಗೆ ಹೆದರಿಕೆಯಾಗಿತ್ತು. ಹೆತ್ತ ತಂದೆ ಹೋದಾಗ ಅವನು ಅತ್ತಿರಲಿಲ್ಲ. ಈ ಮುದುಕ ಹೋದರೆ ತನಗೆ ಮಾತಾಡಿಸಲು ಭೂಮಿಯ ಮೇಲೆ ಯಾರೂ ಇಲ್ಲವೆಂಬುದು ಅವನಿಗೆ ಆಗ, ಆ ಬೆಂಚಿನ ಕೆಳಗೆ, ಗೊತ್ತಾಯಿತು.

ಹೊಸ ಪೆಟ್ಟಿಗೆ ಕೂತಿತು. ಕರೆಂಟಿನ ಕಡೆಯ ತಂತಿಗಳನ್ನು ಸೇರಿಸಿದ. ಉಳಿದದ್ದು ಯಂತ್ರದ ಕಡೆಗೆ ಹೋಗುವ ಎರಡು ದಪ್ಪ ತಂತಿ. ಒಂದು ಕರಿದು, ಒಂದು ಬಿಳಿದು.

ಈ ಎರಡು ಅದಲು ಬದಲಾದರೆ ಉಸಿರಿನ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಸುಟ್ಟುಹೋಗುತ್ತದೆ. ಗಾದಿಲಿಂಗನಿಗೆ ಅದು ಗೊತ್ತಿತ್ತು. ಆದರೆ ಅದಲು ಬದಲು ಮಾಡುವವನು ಅವನಲ್ಲವಲ್ಲ. ಅವನು ಕರಿ ತಂತಿಯನ್ನು ಮೈನಸ್ಸಿನ ಕಡೆಗೆ ಬಾಗಿಸಿ ತಿರುಪುಳಿ ಎತ್ತಿಕೊಂಡ.

"ಗಾದಿ."

ತಾತನ ದನಿ ಮಂಚದ ಮೇಲಿಂದ ಬಂತು.

"ಮಾತಾಡಬ್ಯಾಡ್ರಿ ತಾತ. ಉಸಿರು ಉಳಿಸ್ಕೊಳ್ರಿ."

"ಅದು ಅಲ್ಲಿಗೇ ಅಂತ... ಹೆಂಗ ಗೊತ್ತಾತು?"

"ಕರಿದು ಮೈನಸ್ಸು. ಮನಿಯಾಗ, ಮೋಟಾರಿನಾಗ, ಎಲ್ಲಿ ನೋಡಿದ್ರೂ ಕರಿದು ಮೈನಸ್ಸು. ಊರಿಗೆಲ್ಲ ಗೊತ್ತೈತಿ."

"ಈ ಗಾಡಿಗೆ ಗೊತ್ತೈತೇನು?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದಿಲಿಂಗನ ಹತ್ತಿರ ನಾಲ್ಕನೇ ಕಾಲಿನ ಮಾತಾಡಿ ಏನು ಪ್ರಯೋಜನ? ಅವನು ತಿರುಪಿಗೆ ತಿರುಪುಳಿ ಇಟ್ಟ.

ಹಿಂದೆ ಮಂಚ ಕಿರುಗುಟ್ಟಿತು.

"ತಾತ, ಬ್ಯಾಡ್ರಿ," ಎಂದಳು ತಿಪ್ಪಮ್ಮ.

ನಳಿಗೆ ಬಾಗಿಲ ತನಕ ಬರುವಷ್ಟು ಉದ್ದವಿರಲಿಲ್ಲ. ತಾತ ಅದನ್ನು ಮೂಗಿನಿಂದ ತೆಗೆದು ಅವಳ ಕೈಗೆ ಕೊಟ್ಟರು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಬಂದರು. ಗಾದಿಲಿಂಗನ ಹಿಂದೆ ಕುಸಿದು ಕೂತು, ತಮ್ಮ ಅಂಗೈಯಿಂದ ಅವನ ಎರಡೂ ಕಣ್ಣು ಮುಚ್ಚಿದರು.

"ಈಗ ಹೇಳು. ಮೈನಸ್ಸು ಯಾವುದು?"

"ತಾತ, ಕೈ ತೆಗೀರಿ. ಹೊತ್ತಿಲ್ಲ."

"ಯಾವುದು?"

"ಕಣ್ಣು ಮುಚ್ಚಿದ್ರ ಹೆಂಗ ಹೇಳ್ಲಿ?"

"ಹಂಗಾದ್ರ... ಅದನ್ನ ಕೇಳು."

ಕೈ ತಣ್ಣಗಿತ್ತು. ಅದನ್ನು ಕಿತ್ತೆಸೆಯುವುದು ಕಷ್ಟವಿರಲಿಲ್ಲ. ಗಾದಿಲಿಂಗನ ಬೆರಳು ಒಮ್ಮೆ ಅದರ ತನಕ ಹೋಗಿ, ಮುಟ್ಟಿ, ವಾಪಸು ಬಂದವು.

ಅವನು ನೆಲ ತಡವಿ ಮೀಟರ್ ಹುಡುಕಿದ. ಅದರ ಗುಂಡಿ ಎಲ್ಲಿಗೆ ತಿರುಗಬೇಕೆಂದು ಕೈಗೆ ಗೊತ್ತಿತ್ತು. ಮುಟ್ಟಿದ ಎರಡು ತುದಿಯೂ ಒಂದೇ ತಂತಿಯದಾದರೆ ಮೀಟರ್ ಕುಂಯ್ ಎನ್ನುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಯಂತ್ರದ ಪ್ಲಗ್ ಚುಚ್ಚುವ ಸಾಕೆಟ್ಟು ಬೆಂಚಿನ ಪಕ್ಕದಲ್ಲೇ ಇತ್ತು. ಅದರ ನಡುವಿನ ಬಿಂದುವೇ ಪ್ಲಸ್ ಎಂದು ಯಂತ್ರದ ಪ್ಲಗ್ಗಿನ ಮೇಲೆಯೇ ಅಚ್ಚೊತ್ತಿತ್ತು. ಮೀಟರಿನ ಒಂದು ಕಡ್ಡಿಯನ್ನು ಅಲ್ಲಿಟ್ಟ. ಇನ್ನೊಂದನ್ನು ಕೈಗೆ ಸಿಕ್ಕ ತಂತಿಗೆ ಮುಟ್ಟಿಸಿದ.

ಸದ್ದಿಲ್ಲ.

ಕಿವಿಯ ಹಿಂದೆ ತಾತನ ಉಸಿರು ಒಣ ಎಲೆ ಎಳೆದಂತೆ ಕೇಳುತ್ತಿತ್ತು. ಒಂದು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು ಬಂತು.

"ಮುಳ್ಳು ನಿಂತೇ ಹೋತು," ತಿಪ್ಪಮ್ಮನ ದನಿ ಸಣ್ಣಗಾಗಿತ್ತು. "ಇನ್ನ ಇದರಾಗ ಏನೂ ಇಲ್ಲಪ್ಪಾ."

ಗಾದಿಲಿಂಗ ಎರಡನೆಯ ತಂತಿಗೆ ಮುಟ್ಟಿಸಿದ.

ಕುಂಯ್ ಎಂದಿತು ಮೀಟರ್. ತೆಗೆದು ಮತ್ತೆ ಮುಟ್ಟಿಸಿದ. ಮತ್ತೆ ಕುಂಯ್ ಎಂದಿತು.

"ಇದು ಪ್ಲಸ್ಸು ತಾತ. ಬಿಳಿದು."

ಅಂಗೈ ಸರಿಯಿತು. ಅವನ ಬೆರಳಿನ ನಡುವೆ ಇದ್ದದ್ದು ಕರಿ ತಂತಿ.

ಆಮೇಲೆ ಏನು ಮಾಡಿದನೆಂಬುದು ಅವನಿಗೆ ಸರಿಯಾಗಿ ನೆನಪಿಲ್ಲ. ಕರಿದನ್ನು ಪ್ಲಸ್ಸಿಗೆ ಬಿಗಿದ, ಬಿಳಿದನ್ನು ಮೈನಸ್ಸಿಗೆ ಬಿಗಿದ, ಯಂತ್ರದ ಪ್ಲಗ್ ಚುಚ್ಚಿದ, ಹೊರಗೋಡಿ ಕರೆಂಟು ಕೊಟ್ಟ.

ಒಳಗೆ ಬಂದಾಗ ಯಂತ್ರ ಉಸಿರಾಡುತ್ತಿತ್ತು. ತಿಪ್ಪಮ್ಮ ಅದರ ನಳಿಗೆಯನ್ನು ತಾತನ ಮೂಗಿಗೆ ಇಟ್ಟು, ಅವರ ತಲೆಯನ್ನು ತನ್ನ ತೊಡೆಯ ಮೇಲೆ ಒರಗಿಸಿಕೊಂಡಿದ್ದಳು. ತಾತನ ತುಟಿ ನೇರಳೆಹಣ್ಣು ತಿಂದಂತೆ ಕಪ್ಪಾಗಿತ್ತು.

ಗಾದಿಲಿಂಗ ಅವರ ಪಾದ ಹಿಡಿದು ಕೂತ. ತುಟಿಯ ಬಣ್ಣ ತಿರುಗಲು ಬಹಳ ಹೊತ್ತು ಹಿಡಿಯಿತು.

ಕೊನೆಗೆ ತಾತ ಕಣ್ಣು ಬಿಟ್ಟರು.

"ನಿಮಗ ತಂತಿ ವಿಷಯ ಹೆಂಗ ಗೊತ್ತಿತ್ತು ತಾತ?"

"ನನಗೆಲ್ಲಿ ಗೊತ್ತಪ್ಪಾ. ನಿನಗ ಭಾಳ ಗೊತ್ತಿತ್ತಲ್ಲ, ಅದಕ್ಕ ಹೆದರಿಕಿ ಆತು."

ಗಾದಿಲಿಂಗ ಅತ್ತುಬಿಟ್ಟ. ತಿಪ್ಪಮ್ಮ ಅವನನ್ನು ನೋಡಲಿಲ್ಲ, ಸೆರಗಿನಿಂದ ತಾತನ ಹಣೆ ಒರೆಸುತ್ತಿದ್ದಳು.

"ನನ್ನ ಕೈಲೇ ನಿಮ್ಮನ್ನ ಕೊಲ್ತಿದ್ದೆ," ಎಂದ ಗಾದಿಲಿಂಗ. "ಬುದ್ಧಿ ಬಂತು ತಾತ. ಸಾಯೋ ತನಕ ಮರೆಯಂಗಿಲ್ಲ. ಆಚೆ ದೇಶದಿಂದ ಬಂದ ಗಾಡಿ ಯಾವುದೇ ಇರ್ಲಿ, ಕರಿದು ಪ್ಲಸ್ಸು. ನೋಡೋದೇ ಬ್ಯಾಡ. ಕಣ್ಣು ಮುಚ್ಚಿ ಹೇಳ್ತೀನಿ."

ತಾತ ಅವನನ್ನೇ ನೋಡಿದರು. ಆಮೇಲೆ ಮೂಗಿನ ನಳಿಗೆಗೆ ಕೈ ಹಾಕಿ, ಅದನ್ನು ಮೆಲ್ಲಗೆ ತೆಗೆಯತೊಡಗಿದರು.

"ಬಾ ಗಾದಿ, ಹತ್ರ ಬಾ. ಇನ್ನೊಂದ್ಸಲ ನಿನ್ನ ಕಣ್ಣು ಮುಚ್ಚಬೇಕಾತು."